ಲೈನ್ ಮನೆಗೂ ಒಂದು ನಂಬರ್

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ನನ್ನನ್ನು ಒಂದು ಪರಿಹಾರ ಕೇಂದ್ರದಲ್ಲಿ ಪಟ್ಟಿ ಬರೆಯಲು ಹಾಕಿದ್ದರು. ಹೆಸರು, ವಯಸ್ಸು ಬರೆದುಕೊಳ್ಳುವುದು ಸುಲಭ. ಮನೆ ಎಲ್ಲಿ ಅಂದಾಗ ಪೆನ್ನು ನಿಲ್ಲುತ್ತಿತ್ತು. ಒಬ್ಬರು ಅಜ್ಜ "ತೋಡು ದಾಟಿ ಮೂರನೇ ಮನೆ" ಅಂದರು. ಆ ತೋಡು, ಅಂದರೆ ಹಳ್ಳ, ದಾರಿ ಬದಲಿಸಿತ್ತು, ಮೊದಲೆರಡು ಮನೆ ಮಣ್ಣಿನಡಿ ಹೋಗಿದ್ದವು. ಗುರುತೇ ಅಳಿದು ಹೋದ ಮೇಲೆ ವಿಳಾಸ ಎಲ್ಲಿಯದು? ಆ ಅಜ್ಜನ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಕೆಲವು ವರ್ಷದ ನಂತರ ಪೊನ್ನಂಪೇಟೆ ತಾಲ್ಲೂಕಿನ ಒಂದು ಪಂಚಾಯಿತಿಗೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಆಗಿ ಬಂದೆ. ಕಚೇರಿಯಲ್ಲಿ ಪಟ್ಟಿಗಳಿಗೇನೂ ಬರ ಇರಲಿಲ್ಲ. ಇ-ಸ್ವತ್ತು ಆಸ್ತಿ ದಾಖಲೆ, ತೆರಿಗೆ ವಹಿ, ಮತದಾರರ ಪಟ್ಟಿ, ಆಶಾ ಕಾರ್ಯಕರ್ತೆಯ ಡೈರಿ ಎಲ್ಲವೂ ಇದ್ದವು. ಆದರೆ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಆಸ್ತಿ ಸಂಖ್ಯೆ ಹುಟ್ಟಿರುವುದು ತೆರಿಗೆಗಾಗಿ. ತೋಟದ ಮನೆಗೆ ಒಂದು ನಂಬರ್, ಅದು ಮಾಲೀಕರ ಹೆಸರಲ್ಲಿ, ಅವರು ಇರುವುದು ಬೆಂಗಳೂರಲ್ಲಿ. ಅದೇ ತೋಟದ ಲೈನ್‌ನಲ್ಲಿ, ಅಂದರೆ ಕಾರ್ಮಿಕರ ಸಾಲು ಮನೆಗಳಲ್ಲಿ, ಹತ್ತು ಹನ್ನೆರಡು ಸಂಸಾರ ಇದ್ದರೂ ನಮ್ಮ ವಹಿಯಲ್ಲಿ ಅವರು ಇಲ್ಲವೇ ಇಲ್ಲ. ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರ್ ಹೇಳುತ್ತದೆ, ಒಳ್ಳೆಯ ಸಾಧನ. ಆದರೆ ಬಾಣೆ (ಗದ್ದೆಗೆ ಸೇರಿದ ಎತ್ತರದ ಜಮೀನು) ಜಾಗದಲ್ಲಿ ಒಂದೇ ಸರ್ವೆ ನಂಬರಿನೊಳಗೆ ಎಷ್ಟೋ ಬಾಗಿಲುಗಳಿರುತ್ತವೆ.

ಒಂದು ಮಳೆಗಾಲದ ರಾತ್ರಿ ಲೈನ್ ಮನೆಯ ಹೆಣ್ಣುಮಗಳಿಗೆ ಹೆರಿಗೆ ನೋವು ಬಂತು. ಆಂಬುಲೆನ್ಸ್‌ಗೆ ತೋಟದ ಹೆಸರು ಹೇಳಿದರು. ಅದೇ ಹೆಸರಿನ ಇನ್ನೊಂದು ತೋಟದ ಗೇಟಿನ ಮುಂದೆ ಗಾಡಿ ಹೋಗಿ ನಿಂತಿತು. ಕೊನೆಗೆ ಪಕ್ಕದ ತೋಟದವರ ಜೀಪಿನಲ್ಲೇ ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಉಳಿದರು ಅನ್ನುವುದೇ ಸಮಾಧಾನ. ಮರುದಿನವೇ ನಿರ್ಧಾರ ಮಾಡಿದೆ: ಆಸ್ತಿಯ ಲೆಕ್ಕ ಬೇರೆ ಇರಲಿ, ಜನ ಮಲಗುವ ಪ್ರತಿ ಬಾಗಿಲಿಗೂ ಒಂದು ನಂಬರ್ ಬೇಕು.

ಬಿಲ್ ಕಲೆಕ್ಟರ್, ವಾಟರ್‌ಮನ್, ಇಬ್ಬರು ಆಶಾ ಅಕ್ಕಂದಿರು ಮತ್ತು ನಾನು ಸೇರಿ ಹೊರಟೆವು. ಬಾಗಿಲ ಎದುರು ನಿಂತು ಮೊಬೈಲ್‌ನಲ್ಲಿ ಅಕ್ಷಾಂಶ, ರೇಖಾಂಶ ತೆಗೆದುಕೊಳ್ಳುವುದು. ಸಿಲ್ವರ್ ಓಕ್ ಮರಗಳಡಿ ಜಿಪಿಎಸ್ ಚುಕ್ಕಿ ಒಂದೆಡೆ ನಿಲ್ಲುವುದಿಲ್ಲ, ತೆರೆದ ಅಂಗಳಕ್ಕೆ ಬಂದು ಸ್ವಲ್ಪ ಕಾಯಬೇಕು. ದಶಾಂಶದ ನಂತರ ಐದು ಅಂಕಿ ಬೇಕೇ ಬೇಕು. ಐದನೆಯ ಅಂಕಿ ಸುಮಾರು ಒಂದು ಮೀಟರ್, ನಾಲ್ಕಕ್ಕೇ ಬಿಟ್ಟರೆ ಹನ್ನೊಂದು ಮೀಟರ್. ಲೈನ್‌ನಲ್ಲಿ ಹನ್ನೊಂದು ಮೀಟರ್ ಅಂದರೆ ಮೂರು ಸಂಸಾರ ದಾಟಿದ ಹಾಗೆ. ಮೊದಲ ವಾರದ ಹಾಳೆಯನ್ನು ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶಕ್ಕೆ ಹಾಕಿದಾಗ ಕೆಲವು ಮನೆ ಉತ್ತರ ಧ್ರುವದ ಕಡೆಯ ಸಮುದ್ರದಲ್ಲಿ ಕಂಡವು. ಅಕ್ಷಾಂಶದ 12 ಮತ್ತು ರೇಖಾಂಶದ 75 ಅದಲು ಬದಲಾಗಿತ್ತು. ಅಂದಿನಿಂದ ದಿನದ ಹಾಳೆಯನ್ನು ಅಂದೇ ಸಂಜೆ ನಕ್ಷೆಯ ಮೇಲೆ ನೋಡುವುದು ರೂಢಿಯಾಯಿತು.

ನಿಜವಾದ ಪಾಠ ಕಲಿಸಿದ್ದು ವಾಟರ್‌ಮನ್. "ಸಾರ್, ಮನೆ ಎಲ್ಲುಂಟು ಅಂತ ಬರೆದ್ರಿ. ಗಾಡಿ ಎಲ್ಲಿವರೆಗೆ ಹೋಗ್ತದೆ ಅಂತ ಬರೀಲಿಲ್ಲವಲ್ಲ" ಅಂದ. ಎಷ್ಟು ಸರಿಯಾದ ಮಾತು! ಬಾಗಿಲಿಗೂ ಜೀಪ್ ನಿಲ್ಲುವ ಜಾಗಕ್ಕೂ ನಡುವೆ ಅರ್ಧ ಮೈಲಿ ಏರು ಇರಬಹುದು. ಆದ್ದರಿಂದ ಪ್ರತಿ ನಂಬರಿಗೂ ಎರಡು ಚುಕ್ಕಿ ಮಾಡಿದೆವು, ಒಂದು ಬಾಗಿಲಿನದು, ಒಂದು ಗಾಡಿ ನಿಲ್ಲುವ ಕಡೆಯದು. ಮೂರನೆಯ ಕಾಲಂ ಮಳೆಗಾಲದ ದಾರಿ. ಜುಲೈನಲ್ಲಿ ತೋಡು ತುಂಬಿದರೆ ಪಾಲ (ಸೇತುವೆ) ಮುಳುಗುತ್ತದೆ, ಬೇಸಿಗೆಯ ದಾರಿ ಆಗ ದಾರಿಯೇ ಅಲ್ಲ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಬಳಕೆಯಾಗುತ್ತಿರುವುದು ಗಾಡಿ ನಿಲ್ಲುವ ಜಾಗ, ಮಳೆಗಾಲದ ದಾರಿ ಎಂಬ ಈ ಎರಡು ಕಾಲಂಗಳೇ. ಕಸದ ಗಾಡಿಯ ದಾರಿಯನ್ನೂ ಇದರಿಂದಲೇ ತಿದ್ದಿದೆವು.

ತೊಡಕು ಬಂದದ್ದು ಎರಡು ಕಡೆಯಿಂದ. "ಲೈನಿಗೆ ನಂಬರ್ ಹಾಕಿದ್ರೆ ನಾಳೆ ಹಕ್ಕು ಕೇಳ್ತಾರಲ್ಲ" ಎಂದು ಕೆಲವು ಮಾಲೀಕರಿಗೆ ಭಯ. ಪೈಸಾರಿ ಎಂಬ ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಇದೇ ನಂಬರ್ 94ಸಿ (ಇಂಥ ಮನೆ ಸಕ್ರಮ ಮಾಡುವ ಕಾನೂನಿನ ಕಲಂ) ಹಕ್ಕುಪತ್ರ ತಂದುಕೊಡುತ್ತದೆ ಎಂಬ ಆಸೆ. ಇಬ್ಬರಿಗೂ ಒಂದೇ ಉತ್ತರ ಕೊಡಬೇಕಿತ್ತು. ಇದು ಸೇವೆಗಾಗಿ ಮಾತ್ರ, ಒಡೆತನದ ದಾಖಲೆ ಅಲ್ಲ ಎಂದು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ ಪ್ರತಿಯನ್ನು ಎಲ್ಲರಿಗೂ ಕೊಟ್ಟೆವು. ಆಸೆಯಿಂದ ಬಂದವರಿಗೆ ಅದನ್ನು ಓದಿ ಹೇಳುವಾಗ ನನಗೆ ಕಷ್ಟವಾಯಿತು, ಆದರೆ ಸುಳ್ಳು ಭರವಸೆ ಕೊಡುವಂತಿರಲಿಲ್ಲ.

ಗೋಡೆಗೆ ಬರೆದ ನಂಬರ್ ಒಂದೇ ಮಳೆಗಾಲದಲ್ಲಿ ಪಾಚಿ ಹಿಡಿಯಿತು, ಉಳಿದದ್ದು ಸುಣ್ಣದಡಿ ಹೋಯಿತು. ಈಗ ತಗಡಿನ ಫಲಕವನ್ನು ಬಾಗಿಲ ಚೌಕಟ್ಟಿಗೆ ಹೊಡೆಯುತ್ತೇವೆ.

ಮಾಹಿತಿ ಯಾರ ಕೈಗೆ ಹೋಗಬಾರದು ಎಂಬುದನ್ನೂ ಯೋಚಿಸಬೇಕಾಯಿತು. ಒಂಟಿ ಅಜ್ಜಿ ಇರುವ ಮನೆ, ವರ್ಷವಿಡೀ ಬೀಗ ಹಾಕಿರುವ ಮನೆ ಯಾವುದು ಎಂಬ ನಕ್ಷೆ ವಾಟ್ಸಾಪ್ ಗ್ರೂಪಿಗೆ ಹೋದರೆ ಕಳ್ಳರಿಗೆ ದಾರಿ ತೋರಿದಂತೆ. ಆಶಾ ಅಕ್ಕ ಬರೆದುಕೊಳ್ಳುವ ಆರೋಗ್ಯದ ಕಾಲಂ ನಮ್ಮ ಹಾಳೆಗೆ ಬರುವುದೇ ಇಲ್ಲ. ಕಸದ ಗಾಡಿಯವನಿಗೆ ನಂಬರ್ ಮತ್ತು ದಾರಿ ಸಾಕು, ಹೆಸರು ಬೇಡ.

2025ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ಡಿಜಿಪಿನ್ ತಂದಿತು. ಸುಮಾರು 4 ಮೀಟರ್ ಚೌಕಕ್ಕೆ ಹತ್ತು ಅಕ್ಷರ ಅಂಕಿಗಳ ಒಂದು ಸಂಕೇತ. ನಮ್ಮಲ್ಲಿ ಅಕ್ಷಾಂಶ ರೇಖಾಂಶ ಮೊದಲೇ ಇದ್ದುದರಿಂದ ಇನ್ನೊಂದು ಕಾಲಂ ಸೇರಿಸಿದರೆ ಮುಗಿಯಿತು. ಆದರೂ ಒಕ್ಕದ ಹೆಸರನ್ನು ನಾನು ತೆಗೆದಿಲ್ಲ. ರಾತ್ರಿ ದಾರಿ ತಪ್ಪಿದ ಡ್ರೈವರ್ ಅಂಗಡಿಯವರನ್ನು ಕೇಳುವುದು ಮನೆತನದ ಹೆಸರು ಹೇಳಿಯೇ.

ಲೈನ್‌ನಲ್ಲಿ ಸಂಸಾರಗಳು ಬದಲಾಗುತ್ತಲೇ ಇರುತ್ತವೆ. ಕಾಫಿ ಕುಯ್ಲಿಗೆ ಅಸ್ಸಾಂನಿಂದ ಬಂದವರು ಮುಗಿದ ಮೇಲೆ ಹೊರಡುತ್ತಾರೆ. ಅದಕ್ಕೇ ನಂಬರ್ ಬಾಗಿಲಿನದು, ಒಳಗಿರುವವರ ಲೆಕ್ಕ ವರ್ಷಕ್ಕೆ ಎರಡು ಸಲ, ಕುಯ್ಲು ಶುರುವಾಗುವಾಗ ಒಮ್ಮೆ, ಮಳೆಗೆ ಮೊದಲು ಒಮ್ಮೆ. ಮೇ ತಿಂಗಳ ಸುತ್ತಿಗೆ ವಾಟರ್‌ಮನ್ ಜೊತೆ ನಾನೂ ಹೋಗುತ್ತೇನೆ. ಇಳಿಜಾರಿನ ಮನೆಗಳ ಪಟ್ಟಿಯನ್ನು ಆಗ ಬೇರೆ ಮಾಡಿಕೊಂಡು, ಮಳೆ ಹಿಡಿಯುವ ಮೊದಲು ತಹಶೀಲ್ದಾರರ ಕಚೇರಿಗೆ ಒಂದು ಪ್ರತಿ ಕೊಟ್ಟು ಬರುತ್ತೇನೆ.