ಡಿಯೋಡರೆಂಟ್ ಮಾರುಕಟ್ಟೆ ನಿಜಕ್ಕೂ ಬೆಳೆದಿದೆಯಾ? ವರದಿ ಓದುವುದು ಹೀಗೆ

‘ದೇಶದ ಡಿಯೋಡರೆಂಟ್ ಮಾರಾಟ ಶೇ 12ರಷ್ಟು ಏರಿದೆ’ ಎಂಬ ಸಾಲು ಕಂಡರೆ ಜನ ಡಿಯೋ ಜಾಸ್ತಿ ಬಳಸುತ್ತಿದ್ದಾರೆ ಎಂದುಕೊಳ್ಳುತ್ತೇವೆ, ಅಲ್ವಾ? ಹಾಗೇನೂ ಆಗಿರಬೇಕಿಲ್ಲ. ಮಾರಾಟವಾದ ಕ್ಯಾನ್‌ಗಳು ಕಡಿಮೆಯಾಗಿದ್ದರೂ ಇದೇ ಅಂಕಿ ಬರಬಹುದು. ಹೊಸ ಬ್ರ್ಯಾಂಡ್ ಶುರು ಮಾಡುವವರು, ಅಂಗಡಿಗೆ ಸರಕು ತುಂಬುವವರು, ಷೇರು ಕೊಳ್ಳುವವರು ಈ ಸಾಲನ್ನು ನಂಬಿ ದುಡ್ಡು ಹಾಕುತ್ತಾರೆ. ಅದಕ್ಕೇ ಅದನ್ನು ಬಿಡಿಸಿ ನೋಡುವುದನ್ನು ಕಲಿಯಬೇಕು.

ಮೊದಲು, ಲೆಕ್ಕದಲ್ಲಿ ಏನೇನು ಸೇರಿದೆ ನೋಡಿ. ಡಿಯೋಡರೆಂಟ್ ವಾಸನೆಯನ್ನು ತಡೆಯುತ್ತದೆ. ಆಂಟಿಪರ್ಸ್‌ಪಿರಂಟ್‌ನಲ್ಲಿರುವ ಅಲ್ಯೂಮಿನಿಯಂ ಲವಣ ಬೆವರನ್ನೇ ತಡೆಯುತ್ತದೆ. ಅಮೆರಿಕದ ಕಾನೂನಿನಲ್ಲಿ ಮೊದಲನೆಯದು ಸೌಂದರ್ಯವರ್ಧಕ, ಎರಡನೆಯದು ಔಷಧ. ಯುರೋಪ್ ಒಕ್ಕೂಟದಲ್ಲಿ ಎರಡೂ ಸೌಂದರ್ಯವರ್ಧಕಗಳೇ. ಬಾಡಿ ಸ್ಪ್ರೇಯನ್ನು ಒಬ್ಬರು ಡಿಯೋ ಜೊತೆ ಎಣಿಸಿದರೆ ಇನ್ನೊಬ್ಬರು ಸುಗಂಧದ್ರವ್ಯದ ಜೊತೆ ಎಣಿಸುತ್ತಾರೆ. ಒಂದೇ ದೇಶದ ಎರಡು ವರದಿಗಳು ಹೊಂದದಿದ್ದರೆ ಕಾರಣ ಬಹುತೇಕ ಇಲ್ಲೇ ಇರುತ್ತದೆ.

ಆಮೇಲೆ, ವರದಿಯಲ್ಲಿರುವುದು ಯಾರ ಕೈಗೆ ಬಂದ ಹಣ ಎಂದು ಕೇಳಿ. ಗ್ರಾಹಕರು ತೆರಿಗೆ ಸೇರಿಸಿ ಕೊಟ್ಟ ಹಣವೇ, ಕಂಪನಿ ವಿತರಕರಿಗೆ ಮಾರಿದ ಮೊತ್ತವೇ? ಎರಡನೆಯದಾದರೆ ಗೋದಾಮಿನಲ್ಲಿ ಸುಮ್ನೆ ಕೂತ ಸರಕೂ ಮಾರಾಟ ಅನ್ನಿಸಿಕೊಳ್ಳುತ್ತದೆ.

ಮೂರನೆಯದು ಮುಖ್ಯ: ಹಣವನ್ನೂ ಪ್ರಮಾಣವನ್ನೂ ಬೇರೆ ಮಾಡಿ. ಹೋದ ವರ್ಷದ ಮಾರಾಟದ ಹಣ 100 ಇತ್ತು, ಈ ವರ್ಷ 112 ಆಯಿತು ಅಂದುಕೊಳ್ಳಿ. ಕ್ಯಾನ್‌ಗಳು 100 ಇದ್ದದ್ದು 97ಕ್ಕೆ ಇಳಿದವು. 112ನ್ನು 97ರಿಂದ ಭಾಗಿಸಿ: ಒಂದು ಕ್ಯಾನಿನ ಸರಾಸರಿ ಬೆಲೆ ಶೇ 15ಕ್ಕಿಂತ ಜಾಸ್ತಿ ಏರಿದೆ. ಬೆಲೆಯೇ ಹೆಚ್ಚಿರಬಹುದು, ಇಲ್ಲವೇ ಜನ ದುಬಾರಿ ಡಿಯೋಗಳ ಕಡೆ ಹೊರಳಿರಬಹುದು. ಬಳಕೆಯಂತೂ ಬೆಳೆದಂತೆ ಕಾಣುವುದಿಲ್ಲ.

ಕ್ಯಾನ್ ಎಣಿಸಿದರೆ ಸಾಕೇ? ಸಾಲದು. ಬೆಲೆ ಹಾಗೇ ಇಟ್ಟು 150 ಮಿ.ಲೀ. ಕ್ಯಾನನ್ನು 135 ಮಿ.ಲೀ. ಮಾಡಿದರೆ ಮಿ.ಲೀ.ಗೆ ಬೀಳುವ ಬೆಲೆ ಶೇ 11ರಷ್ಟು ಏರುತ್ತದೆ. ಕ್ಯಾನ್‌ಗಳ ಎಣಿಕೆಯಲ್ಲಿ ಇದು ಕಾಣುವುದೇ ಇಲ್ಲ. ಹಾಗಂತ ಮಿ.ಲೀ. ಒಂದನ್ನೇ ನಂಬುವಂತೆಯೂ ಇಲ್ಲ. 2013ರಲ್ಲಿ ಡಿಯೋ ತಯಾರಿಸುವ ಕಂಪನಿ ಯೂನಿಲಿವರ್ ಬ್ರಿಟನ್‌ನಲ್ಲಿ 75 ಮಿ.ಲೀ.ನ ಪುಟ್ಟ ಕ್ಯಾನ್ ತಂದಿತು. ಡಿಯೋವನ್ನು ಹೊರಕ್ಕೆ ತಳ್ಳುವ ಅನಿಲ ಕಡಿಮೆ, ಬಾಳಿಕೆ ಮಾತ್ರ 150 ಮಿ.ಲೀ. ಕ್ಯಾನಿನಷ್ಟೇ ಎಂದಿತು. ಮಿ.ಲೀ. ಅರ್ಧವಾದರೂ ಬಳಸುವ ದಿನಗಳು ಅಷ್ಟೇ! ಪುಟ್ಟ ಗುಂಡು ಉರುಳಿಸಿ ಹಚ್ಚುವ ರೋಲ್-ಆನ್‌ನಲ್ಲಂತೂ ಅನಿಲವೇ ಇಲ್ಲ. ಹಾಗಾಗಿ ಸ್ಪ್ರೇ, ರೋಲ್-ಆನ್, ಸ್ಟಿಕ್ ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದುಕೊಳ್ಳಿ. ವರದಿಯಲ್ಲಿ ಈ ವಿಂಗಡಣೆ ಇಲ್ಲದಿದ್ದರೆ ಅದಕ್ಕೆ ದುಡ್ಡು ಕೊಡುವ ಮೊದಲು ಕೇಳಿ ಪಡೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬೆಳವಣಿಗೆ ದರವನ್ನು ನೀವೇ ಹಾಕಿ ನೋಡಿ. ಐದು ವರ್ಷದಲ್ಲಿ 100 ಇದ್ದದ್ದು 150 ಆದರೆ ವರ್ಷಕ್ಕೆ ಶೇ 10 ಅಲ್ಲ. ಚಕ್ರಬಡ್ಡಿಯ ಹಾಗೆ ಲೆಕ್ಕ ಹಾಕಿದರೆ ಸುಮಾರು ಶೇ 8.4. ಶುರುವಿನ ವರ್ಷ ಯಾವುದು ಎಂದೂ ಗಮನಿಸಿ. 2020ರಲ್ಲಿ ಜನ ಮನೆಯಲ್ಲೇ ಉಳಿದರು, ಡಿಯೋ ಮಾರಾಟ ಕುಸಿಯಿತು. ಅಲ್ಲಿಂದ ಎಣಿಸಿದರೆ ಯಾವ ಏರಿಕೆಯೂ ದೊಡ್ಡದಾಗೇ ಕಾಣುತ್ತದೆ. ತಿಂಗಳ ಅಂಕಿಯಾದರೆ ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಿ.

ಮುಂದಿನ ಅಂದಾಜನ್ನು ಅನುಮಾನಿಸಿ. ಬಾಲ್‌ಪಾಯಿಂಟ್ ಪೆನ್ನಿನ ತಂತ್ರ ಬಳಸಿ 1950ರ ದಶಕದಲ್ಲಿ ‘ಬ್ಯಾನ್’ ಎಂಬ ಬ್ರ್ಯಾಂಡಿನ ರೋಲ್-ಆನ್ ಬಂತು. 1960ರ ದಶಕದಲ್ಲಿ ಅಮೆರಿಕದಲ್ಲಿ ಸ್ಪ್ರೇ ಜೋರಾಗಿ ಬೆಳೆಯಿತು. ಆಮೇಲೆ ಸ್ಪ್ರೇ ಕ್ಯಾನ್‌ಗಳಲ್ಲಿ ತುಂಬುತ್ತಿದ್ದ ಸಿಎಫ್‌ಸಿ ಅನಿಲದಿಂದ ಓಜೋನ್ ಪದರಕ್ಕೆ ಹಾನಿ ಎಂದು ಗೊತ್ತಾಯಿತು. 1978ರಲ್ಲಿ ಅಲ್ಲಿ ಸ್ಪ್ರೇಗಳಲ್ಲಿ ಅದರ ಬಳಕೆಗೆ ನಿಷೇಧ ಬಿತ್ತು. ಜನ ಸ್ಟಿಕ್, ರೋಲ್-ಆನ್ ಕಡೆ ತಿರುಗಿದರು. ಹಳೆಯ ಏರಿಕೆಯನ್ನು ಹಾಗೇ ಮುಂದಕ್ಕೆ ಎಳೆದ ಗೆರೆಗೆ ಇಂಥ ತಿರುವು ಗೊತ್ತಾಗುವುದಿಲ್ಲ.

ಕೊನೆಗೆ, ಜನರ ಲೆಕ್ಕದಿಂದ ತಾಳೆ ನೋಡಿ. ಬಳಸುವವರು 1 ಕೋಟಿ, ಒಬ್ಬರಿಗೆ ವರ್ಷಕ್ಕೆ 6 ಕ್ಯಾನ್ ಎಂದರೆ 6 ಕೋಟಿ ಕ್ಯಾನ್. ಜನಸಂಖ್ಯೆಯನ್ನೆಲ್ಲ ಗುಣಿಸಬೇಡಿ. ಪೂರ್ವ ಏಷ್ಯಾದಲ್ಲಿ ಬಹಳ ಜನರ ಎಬಿಸಿಸಿ11 ಜೀನ್‌ನ ರೂಪವೇ ಬೇರೆ. ಅವರ ಕಂಕುಳಲ್ಲಿ ಬೆವರಿನ ವಾಸನೆ ತೀರಾ ಕಡಿಮೆ. ಅಂಥ ಕಡೆ ಬೇರೆ ದೇಶದ ತಲಾ ಬಳಕೆಯನ್ನು ತಂದು ಗುಣಿಸಿದರೆ ಉತ್ತರ ತಪ್ಪುತ್ತದೆ. ನಿಮ್ಮ ಲೆಕ್ಕದಲ್ಲಿ 6 ಕೋಟಿ ಬಂದು ವರದಿಯಲ್ಲಿ 10 ಕೋಟಿ ಇದ್ದರೆ ಮೊದಲ ಹೆಜ್ಜೆಗೆ ವಾಪಸ್ ಹೋಗಿ, ಏನೇನು ಸೇರಿಸಿದ್ದಾರೆ ಎಂದು ಮತ್ತೆ ಓದಿ.