ಭೂತಾನ್, ಮಾಲ್ಡೀವ್ಸ್: ಎರಡು ಸಣ್ಣ ದೇಶಗಳ ಸಾಲ ಹೋಲಿಸುವುದು ಹೇಗೆ?

ನಾನು ಸಹಕಾರಿ ಬ್ಯಾಂಕೊಂದರ ಸಾಲ ವಿಭಾಗದಲ್ಲಿ ಕೆಲಸ ಮಾಡುವವಳು. ದೇಶಗಳ ಸಾಲದ ಸುದ್ದಿ ಬಂದಾಗಲೆಲ್ಲ ‘ಜಿಡಿಪಿಯ ಶೇ. 100 ದಾಟಿತಂತೆ’ ಅನ್ನೋ ಒಂದೇ ಮಾತು ಕೇಳಿ ಬೇಜಾರಾಗುತ್ತದೆ. 2024ರ ಹೊತ್ತಿಗೆ ಭೂತಾನ್, ಮಾಲ್ಡೀವ್ಸ್ ಎರಡರ ಸಾಲವೂ ಜಿಡಿಪಿಯನ್ನು ಮೀರಿತ್ತು. ಹಾಗಂತ ಎರಡೂ ಒಂದೇ ಥರದ ಸಾಲಗಾರರಲ್ಲ. ನಮ್ಮಲ್ಲಿ ಯಾವ ಸಾಲದ ಅರ್ಜಿಯನ್ನೂ ಮೊತ್ತ ನೋಡಿ ಮಾತ್ರ ಅಳೆಯುವುದಿಲ್ಲ. ದೇಶಗಳನ್ನೂ ಹಾಗೆ ಅಳೆಯಬಾರದು.

ಮೊದಲು ಕಾಗದ ಹೊಂದಿಸಿಕೊಳ್ಳಿ. ಎರಡೂ ದೇಶಗಳ ಹಣಕಾಸು ಸಚಿವಾಲಯಗಳು ಮೂರು ತಿಂಗಳಿಗೊಮ್ಮೆ ಸಾಲದ ವರದಿ ಹಾಕುತ್ತವೆ. ಭೂತಾನದ ಹಣಕಾಸು ವರ್ಷ ಜುಲೈನಿಂದ ಜೂನ್, ಮಾಲ್ಡೀವ್ಸ್‌ನದು ಜನವರಿಯಿಂದ ಡಿಸೆಂಬರ್. ಆದ್ದರಿಂದ ಒಂದೇ ತಾರೀಖಿನ ಬಾಕಿ ತೆಗೆದುಕೊಳ್ಳಿ, ಉದಾಹರಣೆಗೆ ಎರಡರದೂ ಡಿಸೆಂಬರ್ ಕೊನೆಯದು.

ಆಮೇಲೆ ಕೇಳಬೇಕಾದ್ದು: ಸಾಲ ಯಾವ ಕರೆನ್ಸಿಯಲ್ಲಿದೆ, ತೀರಿಸುವ ದುಡ್ಡು ಯಾವುದರಲ್ಲಿ ಬರುತ್ತದೆ? ಅಸಲಿ ವಿಷಯ ಇಲ್ಲೇ ಇದೆ.

ಭೂತಾನದ ವಿದೇಶಿ ಸಾಲದ ಬಹುಪಾಲು ಜಲವಿದ್ಯುತ್ ಯೋಜನೆಗಳದು. ಕೊಟ್ಟದ್ದು ಭಾರತ, ಅದೂ ರೂಪಾಯಿಯಲ್ಲಿ. ಭೂತಾನದ ಕರೆನ್ಸಿಯಾದ ಒಂದು ನ್ಗುಲ್ಟ್ರಮ್ ಅಂದರೆ ಒಂದು ರೂಪಾಯಿ. ವಿದ್ಯುತ್ ಕೊಳ್ಳುವುದೂ ಭಾರತವೇ. ಹಾಗಾಗಿ ವಿನಿಮಯ ದರದ ತಲೆನೋವು ಕಡಿಮೆ. ಆದರೂ ಒಂದೊಂದು ಯೋಜನೆಯನ್ನೂ ಬಿಡಿಸಿ ನೋಡಿ. 1,020 ಮೆಗಾವಾಟ್‌ನ ತಾಲಾ ಯೋಜನೆಗೆ ಶೇ. 60 ಅನುದಾನ, ಶೇ. 40 ಸಾಲ. 2019ರಲ್ಲಿ ಉದ್ಘಾಟನೆಯಾದ ಮಾಂಗ್ದೆಛುಗೆ ಅದು ತಿರುಗಿ ಶೇ. 30 ಅನುದಾನ, ಶೇ. 70 ಸಾಲ ಆಯಿತು. ನನಗೆ ಚಿಂತೆ ಹುಟ್ಟಿಸುವುದು ಪುನಾತ್ಸಾಂಗ್‌ಛು-1. 2008ರಲ್ಲಿ ಕೆಲಸ ಶುರುವಾಯಿತು, 2013ರಲ್ಲಿ ಅಣೆಕಟ್ಟಿನ ಜಾಗದಲ್ಲಿ ಬಲದಂಡೆಯ ಗುಡ್ಡ ಜಾರಿತು. 3,500 ಕೋಟಿ ರೂಪಾಯಿ ಚಿಲ್ಲರೆಯ ಅಂದಾಜು ವೆಚ್ಚ 9,000 ಕೋಟಿ ದಾಟಿತು. ಒಂದು ಯೂನಿಟ್ ವಿದ್ಯುತ್ ಮಾರುವ ಮೊದಲೇ ಬಡ್ಡಿ ಬೆಳೆಯುತ್ತಾ ಹೋಯಿತು. ಓಡುತ್ತಿರುವ ಯೋಜನೆಯ ಸಾಲವನ್ನೂ ನಿಂತ ಯೋಜನೆಯ ಸಾಲವನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆಯಿರಿ.

ಮಾಲ್ಡೀವ್ಸ್‌ನ ಕಥೆ ಡಾಲರ್‌ನದು. 2021ರಲ್ಲಿ ಅದು 50 ಕೋಟಿ ಡಾಲರ್‌ನ ಸುಕುಕ್, ಅಂದರೆ ಇಸ್ಲಾಮಿಕ್ ಬಾಂಡ್, ಮಾರಿತು. ಅವಧಿ 2026ರವರೆಗೆ, ವರ್ಷಕ್ಕೆ ಶೇ. 9.875. ಲೆಕ್ಕ ಹಾಕಿ: ವರ್ಷಕ್ಕೆ ಸುಮಾರು 4.94 ಕೋಟಿ ಡಾಲರ್. ಡಾಲರ್‌ಗೆ 15.42 ರುಫಿಯಾ (ಮಾಲ್ಡೀವ್ಸ್‌ನ ಕರೆನ್ಸಿ) ಅಂತ ಇಟ್ಟುಕೊಂಡರೆ 76 ಕೋಟಿ ರುಫಿಯಾ. ಇದು ಅಸಲಲ್ಲ, ಅಸಲು ಇಟ್ಟುಕೊಂಡದ್ದಕ್ಕೆ ಮಾತ್ರ. ರುಫಿಯಾ ಎಷ್ಟಿದ್ದರೂ ಪ್ರಯೋಜನವಿಲ್ಲ, ಡಾಲರ್ ಬರಬೇಕು. ಅದು ಮುಖ್ಯವಾಗಿ ಪ್ರವಾಸಿಗರಿಂದ ಬರುತ್ತದೆ. 2024ರ ಆಗಸ್ಟ್‌ನಲ್ಲಿ ಸಾಲ ತೀರಿಸುವ ಶಕ್ತಿ ಅಳೆಯುವ ಫಿಚ್ ಸಂಸ್ಥೆ ಆ ದೇಶದ ರೇಟಿಂಗನ್ನು ‘ಸಿಸಿ’ಗೆ, ಅಂದರೆ ಸಾಲ ಕಟ್ಟದೇ ಹೋಗುವ ಸಾಧ್ಯತೆ ಹೆಚ್ಚು ಅನ್ನೋ ಮಟ್ಟಕ್ಕೆ, ಇಳಿಸಿತು. ಅಕ್ಟೋಬರ್‌ನಲ್ಲಿ ಭಾರತ ಕರೆನ್ಸಿ ವಿನಿಮಯ ಒಪ್ಪಂದದಲ್ಲಿ (ತನ್ನ ಕರೆನ್ಸಿ ಇಟ್ಟು ಇನ್ನೊಂದು ದೇಶದಿಂದ ಬೇರೆ ಕರೆನ್ಸಿಯನ್ನು ತಾತ್ಕಾಲಿಕವಾಗಿ ಪಡೆಯುವ ವ್ಯವಸ್ಥೆ) 40 ಕೋಟಿ ಡಾಲರ್, ಜೊತೆಗೆ 3,000 ಕೋಟಿ ರೂಪಾಯಿವರೆಗೆ ಅವಕಾಶ ಕೊಟ್ಟಿತು.

ಒಳಗಿನ ಸಾಲವನ್ನು ಬೇಗ ನೋಡಿ ಮುಗಿಸಬಹುದು. ಮಾಲ್ಡೀವ್ಸ್ ಸರ್ಕಾರ ಅಲ್ಲಿನ ಬ್ಯಾಂಕುಗಳಿಗೆ, ಪಿಂಚಣಿ ನಿಧಿಗೆ ಟ್ರೆಷರಿ ಬಿಲ್, ಅಂದರೆ ಸರ್ಕಾರಿ ಸಾಲಪತ್ರ, ಮಾರುತ್ತದೆ. ಅವು ಅಲ್ಪಾವಧಿಯವು, ಮತ್ತೆ ಮತ್ತೆ ನವೀಕರಿಸಬೇಕು ಅನ್ನೋದನ್ನು ಗುರುತು ಹಾಕಿಕೊಳ್ಳಿ.

ಜಾಮೀನು ಮರೆಯಬೇಡಿ. ಬಾಕಿ ಪಟ್ಟಿಯಲ್ಲಿ ಕಾಣದ ಹೊರೆ ಅದು. ಮಾಲ್ಡೀವ್ಸ್ ರಾಜಧಾನಿ ಮಾಲೆಯ ಪಕ್ಕದ ಹುಲ್ಹುಮಾಲೆ ದ್ವೀಪದ ಫ್ಲ್ಯಾಟುಗಳಿಗೆ ಅಲ್ಲಿನ ಸರ್ಕಾರಿ ವಸತಿ ಕಂಪನಿ ವಿದೇಶದಿಂದ ಸಾಲ ಎತ್ತಿತು, ಸರ್ಕಾರ ಜಾಮೀನು ನಿಂತಿತು. ಮಾಲ್ಡೀವ್ಸ್ ವರದಿ ಇದನ್ನು ಪ್ರತ್ಯೇಕವಾಗಿ ತೋರಿಸುತ್ತದೆ. ಒಂದು ದೇಶಕ್ಕೆ ಜಾಮೀನು ಸೇರಿಸಿ, ಇನ್ನೊಂದಕ್ಕೆ ಬಿಟ್ಟರೆ ಹೋಲಿಕೆಯೇ ಸುಳ್ಳಾಗುತ್ತದೆ, ಅಲ್ವಾ?

ಕೊನೆಗೆ ಮೀಸಲು. ಕನಿಷ್ಠ ಒಂದು ವರ್ಷದ ಅಗತ್ಯ ಆಮದಿಗೆ ಸಾಲುವಷ್ಟು ವಿದೇಶಿ ವಿನಿಮಯ ಇರಲೇಬೇಕು ಅಂತ ಭೂತಾನದ 2008ರ ಸಂವಿಧಾನವೇ ಹೇಳುತ್ತದೆ. ಇಂಥ ನಿಯಮ ನನಗೆ ತುಂಬ ಹಿಡಿಸುತ್ತದೆ. ಆದರೂ ನಿಜವಾದ ಮೀಸಲಿನ ಅಂಕಿಯನ್ನು ಪಕ್ಕದಲ್ಲಿ ಇಟ್ಟು ನೋಡಿ.

ಇಷ್ಟು ಬರೆದಾದ ಮೇಲೆ ಎರಡೂ ಅರ್ಜಿ ನನ್ನ ಮೇಜಿಗೆ ಬಂದವು ಅಂದುಕೊಳ್ಳಿ. ಭೂತಾನಕ್ಕೆ ನಾನು ಕೇಳುವುದು, ಪುನಾತ್ಸಾಂಗ್‌ಛು-1ರ ವಿದ್ಯುತ್ ಯಾವಾಗ ಹೊರಬರುತ್ತದೆ, ಯುನಿಟ್‌ಗೆ ಎಷ್ಟು ದರ ಸಿಗುತ್ತದೆ ಅಂತ. ಮಾಲ್ಡೀವ್ಸ್‌ಗೆ ಕೇಳುವುದು, ಮುಂದಿನ 12 ತಿಂಗಳಲ್ಲಿ ಎಷ್ಟು ಡಾಲರ್ ಕಟ್ಟಬೇಕು, ಈಗ ಕೈಯಲ್ಲಿ ಎಷ್ಟಿದೆ ಅಂತ.