ಹಳೆ ಫಿಯೆಟ್‌ಗೆ ಮೊದಲಿನ ರೂಪ: ಕರಾವಳಿಯಲ್ಲಿ ಕೆಲಸ ಎಲ್ಲಿಂದ ಶುರು ಮಾಡಬೇಕು?

ಹಳೆ ಕಾರು ಕೈಗೆ ಬಂದ ಕೂಡಲೇ ಎಲ್ಲರೂ ಬಾನೆಟ್ ಎತ್ತಿ ಎಂಜಿನ್ ನೋಡುತ್ತಾರೆ. ಗಾಡಿ ಮಂಗಳೂರು, ಉಡುಪಿ ಕಡೆಯದ್ದಾದರೆ ಎಂಜಿನ್ ಆಮೇಲೆ ನೋಡಿದರೂ ನಡೆಯುತ್ತದೆ. ಮೊದಲು ಒಂದು ಚಾಪೆ ಹಾಸಿ ಕಾರಿನ ಅಡಿಗೆ ಮಲಗಿ. ಕಡಲ ಗಾಳಿಯ ಉಪ್ಪು ಮತ್ತು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಸೇರಿ ತಗಡನ್ನು ಒಳಗಿನಿಂದಲೇ ತಿಂದಿರುತ್ತವೆ, ಹೊರಗೆ ಪೇಂಟ್ ಮಾತ್ರ ಫಳಫಳ ಅನ್ನುತ್ತಿರುತ್ತದೆ. ಎಂಜಿನ್ ಹೇಗಾದರೂ ರಿಪೇರಿ ಆಗುತ್ತದೆ. ಬಾಡಿ ಹೋದರೆ ಕಾರೇ ಹೋಯಿತು.

ಉದಾಹರಣೆಗೆ ಫಿಯೆಟ್ 1100 ತೆಗೆದುಕೊಳ್ಳೋಣ. ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ತಯಾರಿಸುತ್ತಿದ್ದ, 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಅಂತ ಹೆಸರು ಬದಲಾದ ಅದೇ ಕಾರು. 1089 ಸಿಸಿ, ನಾಲ್ಕು ಸಿಲಿಂಡರ್, ಸ್ಟಿಯರಿಂಗ್ ಪಕ್ಕದಲ್ಲೇ ಗೇರ್. ಇದಕ್ಕೆ ಬೇರೆಯಾದ ಚಾಸಿ, ಅಂದರೆ ಬಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟು, ಇಲ್ಲ. ನೆಲ, ಬಾಗಿಲ ಕೆಳಗಿನ ಸಿಲ್, ಕಂಬಗಳು ಎಲ್ಲ ಸೇರಿ ವೆಲ್ಡ್ ಆದ ಬಾಡಿಯೇ ಭಾರ ಹೊರುತ್ತದೆ. ಅಂಬಾಸಿಡರ್ ಕೂಡ ಹಾಗೆಯೇ. ಹಾಗಾಗಿ ಸಿಲ್ ತುಕ್ಕು ಹಿಡಿದಿದೆ ಅಂದರೆ ಅದು ಬರೀ ಅಂದದ ಪ್ರಶ್ನೆ ಅಲ್ಲ, ಕಾರು ನಡುವಲ್ಲಿ ಬಗ್ಗುವ ಪ್ರಶ್ನೆ.

ನೋಡುವುದಕ್ಕೆ ಒಂದು ಅಯಸ್ಕಾಂತ, ಒಂದು ಹಳೆ ಸ್ಕ್ರೂಡ್ರೈವರ್ ಸಾಕು. ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಬಾಡಿ ಮೇಲೆ ಎಳೆಯುತ್ತಾ ಹೋಗಿ. ಹಿಡಿತ ತಪ್ಪಿದ ಜಾಗದಲ್ಲಿ ಯಾರೋ ಪುಟ್ಟಿ ಮೆತ್ತಿ ಮುಚ್ಚಿದ್ದಾರೆ. ಸಿಲ್, ಡಿಕ್ಕಿಯ ನೆಲ, ಸ್ಪೇರ್ ಟೈರ್ ಇಡುವ ಜಾಗ, ಚಕ್ರದ ಮೇಲಿನ ಕಮಾನು, ಬ್ಯಾಟರಿ ಕೆಳಗಿನ ತಟ್ಟೆ, ಹಿಂದಿನ ಪಟ್ಟಿ ಸ್ಪ್ರಿಂಗ್ ಕೂರುವ ಕಡೆ, ಇಲ್ಲೆಲ್ಲ ಸ್ಕ್ರೂಡ್ರೈವರ್ ಒತ್ತಿ ನೋಡಿ. ಒಳಗೆ ಹೊಕ್ಕರೆ ಆ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಫೋಟೊ ತೆಗೆದುಕೊಳ್ಳಿ. ಕಾರ್ಪೆಟ್ ಎತ್ತದೆ ಕಾರು ಕೊಳ್ಳಲೇಬೇಡಿ.

ತುಕ್ಕು ಹಿಡಿದ ತಗಡನ್ನು ಕಟ್ ಮಾಡುವ ಮೊದಲು ಕಾಗದದ ಕೆಲಸ. 2021ರ ಕೇಂದ್ರ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಚಾಸಿ, ಬಾಡಿ ಶೆಲ್, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಟ್ಯಾಕ್ಸಿಯಾಗಿ ಓಡಿಸಲು ಯಾರೋ ಡೀಸೆಲ್ ಎಂಜಿನ್ ಕೂರಿಸಿದ ಗಾಡಿ ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಪಡುವವರು ಇದನ್ನು ಎರಡು ಸಲ ಓದಬೇಕು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ಓಡಿಸುವ ಹಾಗಿಲ್ಲ; ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ತುಂಬಿಸುವುದು, ರಿಪೇರಿ ಇಂಥದ್ದಕ್ಕೆ ಮಾತ್ರ. ಅಂದ ಹಾಗೆ ದಕ್ಷಿಣ ಕನ್ನಡ 1956ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು, ಅಷ್ಟು ಹಳೆಯ ಕಾರಿನ ಕಾಗದದಲ್ಲಿ ಮದ್ರಾಸ್ ನಂಬರ್ ಕಂಡರೆ ಗಾಬರಿ ಬೇಡ. ಎಂಜಿನ್, ಚಾಸಿ ನಂಬರ್ ತಾಳೆಯಾಗುತ್ತದಾ, ಅದು ಮುಖ್ಯ.

ಇನ್ನು ಬಿಚ್ಚುವ ಕೆಲಸ. ಪ್ರತಿ ನಟ್ಟು ಬೋಲ್ಟನ್ನೂ ಕವರಿಗೆ ಹಾಕಿ ಚೀಟಿ ಬರೆಯಿರಿ. ಬಾಗಿಲ ಬೀಡಿಂಗ್ (ಅಂಚಿನ ಪಟ್ಟಿ) ಹಿಂದೆ, ಡ್ಯಾಶ್‌ಬೋರ್ಡ್ ಒಳಗೆ ನೋಡಿದರೆ ಕಂಪನಿ ಹೊಡೆದ ಅಸಲಿ ಬಣ್ಣ ಬಿಸಿಲು ಕಾಣದೆ ಹಾಗೇ ಇರುತ್ತದೆ. ಆ ತುಂಡು ಜೋಪಾನ, ಪೇಂಟ್ ಅಂಗಡಿಯಲ್ಲಿ ಬಣ್ಣ ಹೊಂದಿಸಲು ಬೇಕು. ಹಾಳಾದದ್ದನ್ನೂ ಎಸೆಯಬೇಡಿ. ಕೆಟ್ಟ ಹಿಡಿಕೆ ಕೊಟ್ಟರೆ ಲೇತ್‌ನವರು ಅದನ್ನೇ ನೋಡಿ ಇನ್ನೊಂದು ಮಾಡಿಕೊಡುತ್ತಾರೆ, ಗುಜರಿಗೆ ಹಾಕಿದ ಮೇಲೆ ಏನನ್ನು ತೋರಿಸುತ್ತೀರಿ?

ಟಿಂಕರಿಂಗ್‌ನಲ್ಲಿ, ಅಂದರೆ ತಗಡಿನ ಕೆಲಸದಲ್ಲಿ, ಅವಸರ ಮಾಡಿದರೆ ಕೆಟ್ಟಿತು. ಎರಡೂ ಕಡೆಯ ಸಿಲ್ ಒಟ್ಟಿಗೆ ಕಟ್ ಮಾಡಿಸಬೇಡಿ. ಕಾರನ್ನು ನಾಲ್ಕು ಕಡೆ ಸ್ಟ್ಯಾಂಡ್ ಮೇಲೆ ಸಮವಾಗಿ ಕೂರಿಸಿ, ಬಾಗಿಲಿನ ಚೌಕಟ್ಟಿಗೆ ಅಡ್ಡ ಪೈಪ್ ವೆಲ್ಡ್ ಮಾಡಿ, ಬಾಗಿಲ ಸುತ್ತಲಿನ ಸಂದು ಎಷ್ಟಿದೆ ಅಂತ ಅಳೆದು ಬರೆದಿಟ್ಟು ಆಮೇಲೆ ಒಂದು ಕಡೆ ಮುಗಿಸಿ ಇನ್ನೊಂದಕ್ಕೆ ಹೋಗಬೇಕು. ಹೊಸ ತಗಡಿನ ದಪ್ಪ 18 ಅಥವಾ 20 ಗೇಜ್ ಇರಲಿ. ಗ್ಯಾಸ್ ವೆಲ್ಡಿಂಗ್‌ನ ಶಾಖಕ್ಕೆ ತೆಳು ತಗಡು ಸೊಟ್ಟಗಾಗುತ್ತದೆ, ಸಿಓಟು ವೆಲ್ಡಿಂಗ್ (ಕಾರ್ಬನ್ ಡೈಆಕ್ಸೈಡ್ ಬಳಸುವ ಮಿಗ್ ವೆಲ್ಡಿಂಗ್) ಇರುವವರನ್ನೇ ಹುಡುಕಿ, ಅಲ್ಲಿ ಇಲ್ಲಿ ಒಂದೊಂದು ಚುಕ್ಕಿ ಇಡುತ್ತಾ ಬರಲಿ. ಮುಗಿದ ದಿನವೇ ಎಪಾಕ್ಸಿ ಪ್ರೈಮರ್ ಬೀಳಬೇಕು. ಬರಿ ರೆಡ್ ಆಕ್ಸೈಡ್ ಬಳಿದರೆ ನಮ್ಮೂರಿನ ತೇವಕ್ಕೆ ಅದು ಏನೇನೂ ಸಾಲದು.

ಎಂಜಿನ್ ವಿಷಯ ಇಷ್ಟೇ. ವರ್ಷಗಟ್ಟಲೆ ನಿಂತ ಗಾಡಿಗೆ ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯಬೇಡಿ, ಪಿಸ್ಟನ್ ರಿಂಗ್ ಮುರಿಯಬಹುದು. ಪ್ಲಗ್ ಬಿಚ್ಚಿ ಸಿಲಿಂಡರ್‌ಗಳಿಗೆ ಸ್ವಲ್ಪ ಎಣ್ಣೆ ಬಿಟ್ಟು ಕೆಲವು ದಿನ ಹಾಗೇ ಬಿಡಿ. ಆಮೇಲೆ ಮುಂದಿನ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಕೊಟ್ಟು ಕೈಯಲ್ಲೇ ನಿಧಾನ ತಿರುಗಿಸಿ. ತಿರುಗಿತಾ, ಅರ್ಧ ಗೆದ್ದಿರಿ. ಪೆಟ್ರೋಲ್ ಟ್ಯಾಂಕ್ ಇಳಿಸಿ ತೊಳೆಯಿರಿ, ರಬ್ಬರ್ ಪೈಪ್‌ಗಳನ್ನೆಲ್ಲ ಬದಲಿಸಿ. ಈಗಿನ ಪೆಟ್ರೋಲ್‌ನಲ್ಲಿ 20 ಶೇಕಡ ಎಥೆನಾಲ್ ಇದೆ, ಹಳೆ ಕಾಲದ ರಬ್ಬರ್, ಕಾರ್ಬುರೇಟರ್‌ನ ಡಯಾಫ್ರಮ್ ಅದಕ್ಕೆ ತಾಳುವುದಿಲ್ಲ. ಜತೆಗೆ ಅದು ಗಾಳಿಯ ತೇವ ಹೀರುತ್ತದೆ, ನಿಂತ ಕಾರಿನ ಟ್ಯಾಂಕ್ ಮತ್ತೆ ತುಕ್ಕು ಹಿಡಿಯುತ್ತದೆ. ಬ್ರೇಕ್‌ನ ಸಿಲಿಂಡರ್ ಕಿಟ್, ಹೋಸ್‌ಗಳಲ್ಲಿ ಮಾತ್ರ ಅಸಲಿ ಹಳೆಯದೇ ಇರಲಿ ಎಂಬ ಹಟ ಬೇಡ. ಬಿಡಿಭಾಗಗಳಿಗೆ ಮುಂಬೈಯ ಕುರ್ಲಾ, ಚೆನ್ನೈನ ಪುದುಪೇಟೆ ಸುತ್ತಿ ಬರಬಹುದು.

ಪೇಂಟ್‌ಗೆ ಮಾತ್ರ ಪಂಚಾಂಗ ನೋಡಲೇಬೇಕು. ಮಳೆಗಾಲದಲ್ಲಿ ಹೊಡೆದ ಎನ್‌ಸಿ (ನೈಟ್ರೊಸೆಲ್ಯುಲೋಸ್) ಪೇಂಟ್ ಬಿಳಿಚಿಕೊಳ್ಳುತ್ತದೆ. ತಿನ್ನರ್ ಬೇಗ ಆರುವಾಗ ತಗಡು ತಣ್ಣಗಾಗಿ, ಗಾಳಿಯ ತೇವ ಮೇಲೆ ಕೂತು ಬಣ್ಣದೊಳಗೆ ಸಿಕ್ಕಿಬೀಳುತ್ತದೆ. ಪೇಂಟ್ ಹೊಡೆಯಲು ಮುಚ್ಚಿದ ಕೋಣೆ (ಬೂತ್) ಇಲ್ಲದ ಗ್ಯಾರೇಜ್ ಆದರೆ ಡಿಸೆಂಬರ್‌ನಿಂದ ಮಾರ್ಚ್ ಒಳಗೆ, ಬಿಸಿಲೇರಿದ ಮೇಲೆ ಹೊಡೆಸಿ. ಅಂದರೆ ಟಿಂಕರಿಂಗ್ ನವೆಂಬರ್ ಒಳಗೆ ಮುಗಿದಿರಬೇಕು, ಈ ಲೆಕ್ಕ ಶುರುವಿನಲ್ಲೇ ಹಾಕಿಕೊಳ್ಳಿ. ಮೆಟಾಲಿಕ್ ಬಣ್ಣ ಬೇಡವೇ ಬೇಡ, ಆ ಕಾಲದ ಫಿಯೆಟ್‌ಗೆ ಅದು ಒಪ್ಪುವುದಿಲ್ಲ. ಬಂಪರ್‌ಗೆ ತಾಮ್ರ, ನಿಕಲ್, ಮೇಲೆ ಕ್ರೋಮ್, ಹೀಗೆ ಮೂರು ಪದರ ಕೊಡುವವರ ಹತ್ತಿರವೇ ಹೋಗಿ, ಸುಮ್ನೆ ಹೊಳೆಯುವಂತೆ ಮಾಡಿಕೊಟ್ಟದ್ದು ಎರಡು ಮಳೆಗೆ ಸುಲಿದು ಬರುತ್ತದೆ. ಮುಗಿದ ಗಾಡಿ ಹೇಗೆ ಕಾಣಬೇಕು ಅಂತ ತಿಳಿಯಬೇಕಾದರೆ ಧರ್ಮಸ್ಥಳದ ಕಾರ್ ಮ್ಯೂಸಿಯಂಗೆ ಒಮ್ಮೆ ಹೋಗಿ, ಬೀಡಿಂಗ್, ದೀಪದ ರಿಂಗ್, ಸೀಟಿನ ಹೊಲಿಗೆಗಳನ್ನು ಹತ್ತಿರದಿಂದ ನೋಡಿ.

ಎಲ್ಲ ಆದಮೇಲೆ ಸಿಲ್ ಮತ್ತು ಬಾಗಿಲಿನ ಟೊಳ್ಳುಗಳಿಗೆ ಮೇಣದಂಥ ಆಂಟಿರಸ್ಟ್ ಸ್ಪ್ರೇ ಹೊಡೆಸಿ, ಕೆಳಗೆ ನೀರು ಇಳಿಯುವ ತೂತುಗಳು ಮುಚ್ಚಿಹೋಗದ ಹಾಗೆ ನೋಡಿಕೊಳ್ಳಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಟರ್ಪಾಲು ಬಿಗಿಯಾಗಿ ಹೊದಿಸಿ ಕಟ್ಟುವವರು ಜಾಸ್ತಿ. ಅದರೊಳಗೆ ತೇವ ಸಿಕ್ಕಿಹಾಕಿಕೊಂಡು ಪೇಂಟ್ ಗುಳ್ಳೆ ಏಳುತ್ತದೆ. ಮಾಡಿನ ಕೆಳಗೆ, ಗಾಳಿಯಾಡುವಂತೆ, ಬೇಕಿದ್ದರೆ ಹತ್ತಿ ಬಟ್ಟೆಯ ಕವರ್ ಹಾಕಿ ನಿಲ್ಲಿಸಿ, ಮತ್ತು ವಾರಕ್ಕೊಮ್ಮೆಯಾದರೂ ಸ್ಟಾರ್ಟ್ ಮಾಡಿ ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಬಿಡಿ.